ಅನುದಾನದ ನಿಬಂಧನೆಯೂ ದಾಸೋಹಧರ್ಮವೂ

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವು ಧರ್ಮಚರಿತ್ರೆಯಲ್ಲಿ ಅಪೂರ್ವವಾದುದು. ದೋಣಿ ನಡೆಸುವ ಚೌಡಯ್ಯನು, ಹಗ್ಗ ಹೊಸೆಯುವ ಚಂದಯ್ಯನು, ಬಟ್ಟೆ ಒಗೆಯುವ ಮಾಚಯ್ಯನು, ಪಾದರಕ್ಷೆ ಹೊಲಿಯುವ ಹರಳಯ್ಯನು - ಇವರೆಲ್ಲರೂ ಕಲ್ಯಾಣದ ಶರಣಸಂಕುಲದಲ್ಲಿ ಸಮಾನರಾದರು. ಇವರ ಕಾಯಕದ ಫಲವು ಕಣ್ಣಿಗೆ ಕಾಣುವಂತಹದು. ಅದರ ಲೇಸು ಹೊಲ್ಲೆಗಳನ್ನು ಮುಟ್ಟಿ ನೋಡಿಯೇ ಹೇಳಬಹುದು. ಇಂದಿನ ರಾಜ್ಯವ್ಯವಸ್ಥೆಯಲ್ಲಾದರೋ ಫಲವು ಸುಲಭವಾಗಿ ಕಣ್ಣಿಗೆ ಬೀಳದ ಅನೇಕ ಕಾಯಕಗಳು ಹುಟ್ಟಿಕೊಂಡಿವೆ. ಸರ್ಕಾರವು ಸಂಘಸಂಸ್ಥೆಗಳಿಗೆ ಕೊಡುವ ಅನುದಾನಕ್ಕೆ ನಿಯಮ ನಿಬಂಧನೆಗಳನ್ನು ರಚಿಸುವ ಕಾಯಕವು ಅವುಗಳಲ್ಲೊಂದು. ಇದನ್ನು ಮಾಡುವವನು ಕೊಡುವವನೂ ಅಲ್ಲ, ಪಡೆಯುವವನೂ ಅಲ್ಲ. ಹಣವು ಅವನ ಕೈಯನ್ನು ಮುಟ್ಟುವುದೇ ಇಲ್ಲ. ಅವನು ಬರೆಯುವುದು ಸುತ್ತೋಲೆಯ ನಾಲ್ಕು ಸಾಲು. ಆ ನಾಲ್ಕು ಸಾಲಿನಿಂದ ಎಲ್ಲಿಯೋ ಒಂದು ಪ್ರಸಾದನಿಲಯದ ಒಲೆಯು ಉರಿಯುತ್ತದೆ, ಇಲ್ಲವೆ ಆರುತ್ತದೆ. ಇಂಥವನ ಧರ್ಮವು ಯಾವುದು? ನಿಯಮವನ್ನು ಬಿಗಿಗೊಳಿಸುವುದೋ, ಸಡಿಲಿಸುವುದೋ? ಈ ಪ್ರಶ್ನೆಯನ್ನು ಶರಣರ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಕಾಯಕದ ಸ್ವರೂಪವನ್ನು ಅರಿತುಕೊಳ್ಳೋಣ. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳಿಗೆ ಅನುದಾನವನ್ನೀಯುವ ಕ್ರಮವು ೧೮೫೪ರ ವುಡ್ ಮಹಾಶಯನ ಶಿಕ್ಷಣಪತ್ರದಿಂದ ನೆಲೆಗೊಂಡಿತು. ಖಾಸಗಿ ಶಾಲೆಗಳಿಗೆ ಸರ್ಕಾರವು ಧನಸಹಾಯ ಮಾಡತಕ್ಕದ್ದು, ಸಹಾಯ ಪಡೆದ ಶಾಲೆಯು ಸರ್ಕಾರದ ತನಿಖೆಗೆ ಒಳಪಡತಕ್ಕದ್ದು ಎಂದು ಅದು ವಿಧಿಸಿತು. ಕೊಡುವ ಕೈಯೂ ಪರೀಕ್ಷಿಸುವ ಕಣ್ಣೂ ಹೀಗೆ ಒಟ್ಟಿಗೆ ಹುಟ್ಟಿದವು. ನಮ್ಮ ಸಂವಿಧಾನದ ೨೬೬ನೆಯ ಅನುಚ್ಛೇದದಂತೆ, ಕಾನೂನಿನ ಅನುಮತಿಯಿಲ್ಲದೆ ಸಂಚಿತ ನಿಧಿಯಿಂದ ಒಂದು ಪೈಯನ್ನೂ ತೆಗೆಯುವಂತಿಲ್ಲ. ೨೮೨ನೆಯ ಅನುಚ್ಛೇದವು ಸಾರ್ವಜನಿಕವಾದ ಯಾವುದೇ ಉದ್ದೇಶಕ್ಕೆ ಅನುದಾನ ಕೊಡಲು ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರವನ್ನಿತ್ತಿದೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು ೧೯೪೭ರಲ್ಲಿ ಮೊದಲಾಗಿ, ೧೯೬೩ರಲ್ಲಿಯೂ ೨೦೦೫ರಲ್ಲಿಯೂ ಪರಿಷ್ಕೃತವಾಗಿ, ೨೦೧೭ರಲ್ಲಿ ಈಗಿನ ರೂಪವನ್ನು ತಾಳಿದವು. ಅವುಗಳಲ್ಲಿ ಅನುದಾನಕ್ಕೆಂದೇ ಒಂದು ಅಧ್ಯಾಯವಿದೆ. ಒಂದೇ ಉದ್ದೇಶಕ್ಕೆ ಎರಡು ಕಡೆ ಹಣ ಪಡೆಯಬಾರದು. ಯಾವುದಕ್ಕೆ ಪಡೆದುದೋ ಅದಕ್ಕೇ ವಿನಿಯೋಗಿಸಬೇಕು. ಆರ್ಥಿಕ ವರ್ಷವು ಮುಗಿದ ಹನ್ನೆರಡು ತಿಂಗಳೊಳಗೆ ಹಣ ಬಳಕೆಯ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಅನುದಾನದ ಹಣಕ್ಕೆ ಬಂದ ಬಡ್ಡಿಯನ್ನು ಖಜಾನೆಗೆ ಮರಳಿಸಬೇಕು. ಲೆಕ್ಕಪತ್ರಗಳನ್ನು ಪರಿಶೀಲನೆಗೆ ತೆರೆದಿಡಬೇಕು - ಇವು ಅದರ ಮುಖ್ಯ ವಿಧಿಗಳು. ಈ ಸಾಮಾನ್ಯ ವಿಧಿಗಳ ಮೇಲೆ ಪ್ರತಿಯೊಂದು ಇಲಾಖೆಯೂ ತನ್ನ ತನ್ನ ಯೋಜನೆಗೆ ತಕ್ಕ ಷರತ್ತುಗಳನ್ನು ಕಟ್ಟುತ್ತದೆ. ಯಾರು ಅರ್ಹರು, ಎಷ್ಟು ಕಂತು, ಯಾವ ದಿನದೊಳಗೆ ಯಾವ ಪತ್ರ ಎಂಬುದನ್ನೆಲ್ಲ ನಿರ್ಣಯಿಸಿ ಬರೆಯುವವನೇ ನಾವು ಇಲ್ಲಿ ನೆನೆಯುತ್ತಿರುವ ಕಾಯಕದವನು.

ಈ ವಿಷಯವು ನಮ್ಮ ಸಮಾಜಕ್ಕೆ ದೂರದ್ದೆಂದು ಯಾರೂ ಭಾವಿಸಬಾರದು. ೧೯೧೦ರಲ್ಲಿ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಸ್ಥಾಪಿಸಿದ ವಿದ್ಯಾವರ್ಧಕ ಸಂಸ್ಥೆ, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಲಿಂಗಾಯತ ವಿದ್ಯಾಸಂಸ್ಥೆ ಮೊದಲಾದವು ಹಿರಿಯರ ತ್ಯಾಗದಿಂದಲೂ ಭಕ್ತರ ಕಾಣಿಕೆಯಿಂದಲೂ ಹುಟ್ಟಿದವು. ಅವುಗಳ ಹಾದಿಯಲ್ಲಿ ನಾಡಿನ ತುಂಬ ಎದ್ದ ಶಾಲೆಗಳೂ ಉಚಿತ ಪ್ರಸಾದನಿಲಯಗಳೂ ಅಸಂಖ್ಯಾತ. ಅವುಗಳಲ್ಲಿ ಅನೇಕವು ಇಂದು ಅನುದಾನದ ಆಶ್ರಯದಲ್ಲಿವೆ. ಈ ಪತ್ರಿಕೆಯ ಓದುಗರಲ್ಲಿ ಅಂಥ ಸಂಸ್ಥೆಗಳ ಆಡಳಿತಮಂಡಳಿಯಲ್ಲಿರುವವರುಂಟು, ಸರ್ಕಾರಿ ಕಚೇರಿಯಲ್ಲಿ ಅವುಗಳ ಕಡತವನ್ನು ನೋಡುವವರೂ ಉಂಟು.

ಅಂತಹ ಕಡತವನ್ನು ನೋಡುವ ಸದ್ಭಕ್ತರೊಬ್ಬರು ಒಂದು ಹುಣ್ಣಿಮೆಯ ಶಿವಾನುಭವಗೋಷ್ಠಿ ಮುಗಿದ ಮೇಲೆ ಮಠದ ಪೂಜ್ಯರ ಮುಂದೆ ತಮ್ಮ ಮನಸ್ಸಿನ ಭಾರವನ್ನು ತೋಡಿಕೊಂಡರು. ನಾವೂ ಅಲ್ಲಿಯೇ ಇದ್ದೆವು. ಕೆಲವು ವರ್ಷಗಳ ಹಿಂದೆ ಅವರ ಇಲಾಖೆಯಲ್ಲಿ ಒಂದು ಮೋಸವು ಬಯಲಾಯಿತಂತೆ. ಮಕ್ಕಳೇ ಇಲ್ಲದ ಒಂದು ವಿದ್ಯಾರ್ಥಿನಿಲಯವು ಹಾಜರಿಪುಸ್ತಕದಲ್ಲಿ ಮಕ್ಕಳನ್ನು ತುಂಬಿಸಿ ಹಣವನ್ನೆತ್ತಿತ್ತು. ಅದಾದ ಬಳಿಕ ಹೊಸ ನಿಬಂಧನೆಗಳನ್ನು ಬರೆಯುವ ಹೊಣೆಯು ಇವರ ಮೇಲೆ ಬಿತ್ತು. ಚಾರ್ಟರ್ಡ್ ಅಕೌಂಟೆಂಟರ ಸಹಿಯುಳ್ಳ ಬಳಕೆ ಪ್ರಮಾಣಪತ್ರವನ್ನು ವರ್ಷ ಮುಗಿದ ಮೂರು ತಿಂಗಳೊಳಗೆ ಗಣಕಯಂತ್ರದ ಮೂಲಕ ಸಲ್ಲಿಸದ ಸಂಸ್ಥೆಗೆ ಮುಂದಿನ ಕಂತು ಸಲ್ಲದೆಂದು ಅವರು ಬರೆದರು. ಮೇಲಧಿಕಾರಿಗಳು ಮೆಚ್ಚಿ ಸಹಿ ಹಾಕಿದರು. ಮರುವರ್ಷ ದೊಡ್ಡ ಸಂಸ್ಥೆಗಳೆಲ್ಲ ಗಡುವಿಗೆ ಮೊದಲೇ ಪತ್ರ ಸಲ್ಲಿಸಿದವು. ಅವುಗಳಿಗೆ ಗುಮಾಸ್ತರಿದ್ದರು, ಲೆಕ್ಕಿಗರಿದ್ದರು. ಒಂದು ಹಳ್ಳಿಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ೪೦ ಬಡಮಕ್ಕಳನ್ನಿಟ್ಟುಕೊಂಡು ನಡೆಸುತ್ತಿದ್ದ ನಿಲಯದ ಪತ್ರವು ಮಾತ್ರ ತಡವಾಗಿ ಬಂದಿತು. ಲೆಕ್ಕದಲ್ಲಿ ಕಾಸಿನ ವ್ಯತ್ಯಾಸವೂ ಇರಲಿಲ್ಲ. ಆದರೆ ನಿಬಂಧನೆಯು ನಿಬಂಧನೆಯೇ. ಕಂತು ನಿಂತಿತು, ಮಾರ್ಚ್ ೩೧ ಕಳೆಯಿತು, ಹಣವು ಖಜಾನೆಯಲ್ಲಿಯೇ ಉಳಿಯಿತು. ಅರ್ಧದಷ್ಟು ಮಕ್ಕಳು ಮನೆಗೆ ಮರಳಿದರು.

“ಬುದ್ಧೀ, ನಾನು ಒಂದು ಕಾಸನ್ನೂ ತಿಂದವನಲ್ಲ. ಕಳ್ಳನು ನುಸುಳಬಾರದೆಂದು ಬೇಲಿ ಹಾಕಿದೆ. ಕಳ್ಳನೇನೋ ಬೇಲಿಯನ್ನು ಹಾರಿ ಹೋಗುತ್ತಾನೆ, ಕೂಸು ಸಿಕ್ಕಿಕೊಂಡಿತು. ಬೇಲಿಯನ್ನು ಕಿತ್ತರೆ ಹೊಲ ಹೋಗುತ್ತದೆ, ಬಿಗಿದರೆ ಕೂಸು ಸಾಯುತ್ತದೆ. ನನ್ನದು ಕಾಯಕವೋ ಪಾಪವೋ ಅಪ್ಪಣೆಯಾಗಬೇಕು” ಎಂದು ಅವರು ಕೈಮುಗಿದರು.

ಪೂಜ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಬೇಡಿದ ಆ ಪತ್ರವನ್ನು ನೀವೇ ಒಮ್ಮೆ ತುಂಬಿ ನೋಡಿದ್ದೀರಾ?” ಎಂದು ಕೇಳಿದರು. ಭಕ್ತರು ತಲೆ ತಗ್ಗಿಸಿದರು.

ಈ ಪ್ರಶ್ನೆಗೆ ಸುಲಭವಾದ ಎರಡು ಉತ್ತರಗಳು ಲೋಕದಲ್ಲಿ ಪ್ರಚಲಿತವಾಗಿವೆ. ನಿಯಮವನ್ನು ನಿರ್ಲಿಪ್ತನಾಗಿ ಪಾಲಿಸುವವನಿಗೆ ದೋಷವಿಲ್ಲ, ಫಲದ ಚಿಂತೆ ಅವನಿಗೆ ಬೇಡ ಎಂಬುದು ಒಂದು. ಆದರೆ ಇಲ್ಲಿ ನಿಯಮವನ್ನು ಪಾಲಿಸಿದವನೂ ಅದನ್ನು ಬರೆದವನೂ ಒಬ್ಬನೇ. ತಾನು ಕಟ್ಟಿದ ಬಾಗಿಲು ಕಿರಿದಾಯಿತೆಂದು ಕಂಡ ಬಡಗಿಯು ‘ಬಾಗಿಲಿನ ಅಳತೆಯೇ ಅಷ್ಟು’ ಎಂದರೆ ಅದು ನಿರ್ಲಿಪ್ತತೆಯಾದೀತೆ? ಶರಣರು ಕಾಯಕದಲ್ಲಿ ಫಲಾಪೇಕ್ಷೆಯನ್ನು ತೊರೆಯಹೇಳಿದರಲ್ಲದೆ ಫಲವಿಚಾರವನ್ನು ತೊರೆಯಹೇಳಲಿಲ್ಲ.

ದಯೆಯೇ ಧರ್ಮವಾದುದರಿಂದ ಲೆಕ್ಕಪತ್ರಗಳ ಗೊಡವೆಯನ್ನು ಬಿಟ್ಟು ಕೇಳಿದವರಿಗೆ ಕೊಡಬೇಕೆಂಬುದು ಎರಡನೆಯ ಉತ್ತರ. ಇದು ಕೇಳಲು ಇಂಪಾಗಿದೆ. ಆದರೆ ಕೊಡುವ ಹಣವು ಯಾರದು? ಸಂಚಿತ ನಿಧಿಯು ಆಕಾಶದಿಂದ ಇಳಿದು ಬಂದುದಲ್ಲ. ಕೂಲಿಯವಳು ಕೊಂಡ ಸಾಬೂನಿನ ಬೆಲೆಯಲ್ಲಿಯೂ ತೆರಿಗೆಯ ಪಾಲಿದೆ. ಅವಳ ಬೆವರಿನ ಪಾಲನ್ನು ಲೆಕ್ಕವಿಲ್ಲದೆ ಕೊಡುವುದು ದಯೆಯಲ್ಲ, ಪರರ ಗಂಟಿನಿಂದ ಪುಣ್ಯವನ್ನು ಕೊಳ್ಳುವ ಚಪಲ. ಈ ಬಗೆಗೆ ನಮಗೆ ಬಸವಣ್ಣನವರ ಚರಿತ್ರೆಯೇ ಪ್ರಮಾಣ. ಬಿಜ್ಜಳನ ಭಂಡಾರಕ್ಕೆ ಅಧಿಕಾರಿಗಳಾಗಿದ್ದ ಅವರು ಅರಸನ ಧನವನ್ನು ಜಂಗಮರಿಗೆ ವೆಚ್ಚ ಮಾಡಿದರೆಂಬ ದೂರು ಬಂದಾಗ, ಭಂಡಾರವನ್ನು ಎಣಿಸಿ ನೋಡಲಾಗಿ ಹಣವು ಕುಂದಿರಲಿಲ್ಲವೆಂದು ೧೩೬೯ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವು ಹೇಳುತ್ತದೆ. ಭಕ್ತರು ಇದನ್ನು ಪವಾಡವೆಂದು ಕೊಂಡಾಡುತ್ತಾರೆ. ನಾವು ಗಮನಿಸಬೇಕಾದ ಇನ್ನೊಂದು ಅಂಶವೂ ಅಲ್ಲಿದೆ. ಲೆಕ್ಕ ಕೇಳಿದಾಗ ಬಸವಣ್ಣನವರು ತಮ್ಮ ಭಕ್ತಿಯನ್ನು ಅಡ್ಡ ಹಿಡಿಯಲಿಲ್ಲ. ಭಂಡಾರದ ಬಾಗಿಲನ್ನು ತೆರೆದರು. ಲೆಕ್ಕ ಕೇಳಿಸಿಕೊಳ್ಳುವುದು ಶರಣರಿಗೆ ಅಪಮಾನವಾಗಿರಲಿಲ್ಲ.

ಹಾಗಾದರೆ ಬಿಗಿತವೂ ಸಡಿಲವೂ ತಮ್ಮಷ್ಟಕ್ಕೆ ಧರ್ಮವಲ್ಲವೆಂದಾಯಿತು. ಧರ್ಮದ ಮೂಲವನ್ನು ದಾನಕ್ಕೂ ದಾಸೋಹಕ್ಕೂ ಇರುವ ಭೇದದಲ್ಲಿ ಹುಡುಕಬೇಕು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ‘ನಾನು ಕೊಟ್ಟೆ’ ಎಂಬ ಅಹಂಕಾರವು ಅಲ್ಲಿ ಉಳಿಯುತ್ತದೆ. ಕೊಟ್ಟವನು ಕೊಂಡವನನ್ನು ಸಂಶಯಿಸುವ ಹಕ್ಕನ್ನೂ ಪಡೆಯುತ್ತಾನೆ. ದಾಸೋಹದಲ್ಲಾದರೋ ಧನವು ಶಿವನದು, ಪಡೆಯುವ ಜಂಗಮವೂ ಶಿವನೇ, ನಡುವೆ ನಿಂತವನು ದಾಸನು. ಅನುದಾನದ ಹಣವು ಜನತೆಯದು. ಅದು ಸೇರಬೇಕಾದುದೂ ಜನತೆಗೇ. ನಡುವೆ ನಿಂತು ನಿಬಂಧನೆಯನ್ನು ಬರೆಯುವವನು ದಾನಿಯ ಆಸನದಲ್ಲಿ ಕುಳಿತನೋ ದಾಸನ ಸ್ಥಾನದಲ್ಲಿ ನಿಂತನೋ ಎಂಬುದರ ಮೇಲೆ ಅವನ ಕಾಯಕದ ಶುದ್ಧಿಯು ನಿಂತಿದೆ. ದಾಸನ ಸ್ಥಾನದಲ್ಲಿ ನಿಂತವನಿಗೆ ನಾಲ್ಕು ವಿಷಯಗಳು ತಾವಾಗಿಯೇ ಗೋಚರವಾಗುತ್ತವೆ.

ಮೊದಲನೆಯದು, ಲೆಕ್ಕವನ್ನು ಮೊದಲು ತನ್ನಿಂದಲೇ ಕೇಳಿಕೊಳ್ಳುವುದು. ೧೯೭೧ರ ಮಹಾಲೆಕ್ಕಪರಿಶೋಧಕರ ಕಾನೂನಿನ ೧೪ನೆಯ ವಿಧಿಯು ಹೆಚ್ಚಿನ ಭಾಗ ಸರ್ಕಾರದ ಹಣದಿಂದಲೇ ನಡೆಯುವ ಸಂಸ್ಥೆಗಳ ಲೆಕ್ಕವನ್ನು ಪರಿಶೋಧಿಸಹೇಳುತ್ತದೆ. ೧೫ನೆಯ ವಿಧಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಬಂಧನೆಗಳು ನೆರವೇರಿದವೆಂದು ಮಂಜೂರು ಮಾಡಿದ ಅಧಿಕಾರಿಯು ಯಾವ ಕ್ರಮದಿಂದ ಮನಗಂಡನೆಂಬುದನ್ನು ಪರಿಶೀಲಿಸಹೇಳುತ್ತದೆ. ಪರೀಕ್ಷೆಯು ಕೊಂಡವನಿಗೆ ಮಾತ್ರವಲ್ಲ, ಕೊಟ್ಟವನಿಗೂ ಉಂಟೆಂದು ಇದರ ತಾತ್ಪರ್ಯ. ಬಳಕೆ ಪ್ರಮಾಣಪತ್ರದಲ್ಲಿಯೂ ಸಹಿ ಹಾಕುವವನು ‘ನಾನು ಮನಗಂಡಿದ್ದೇನೆ’ ಎಂದೇ ಬರೆಯುತ್ತಾನೆ. ಒಮ್ಮೆಯೂ ಆ ನಿಲಯಕ್ಕೆ ಹೋಗಿ ಮಕ್ಕಳನ್ನು ಕಾಣದೆ, ಕಾಗದವು ಕಾಗದಕ್ಕೆ ಸರಿಹೊಂದಿತೆಂದು ಮನಗಾಣುವುದು ಯಾವ ಬಗೆಯ ಮನಗಾಣುವಿಕೆ? ಮಕ್ಕಳಿಲ್ಲದ ನಿಲಯದ ಮೋಸವು ಬೆಳೆದುದು ಕಾಗದವು ಕಡಮೆಯಾದುದರಿಂದಲ್ಲ. ಯಾರೂ ಹೋಗಿ ನೋಡದಿದ್ದುದರಿಂದ. ಅದಕ್ಕೆ ಮದ್ದಾಗಿ ಇನ್ನಷ್ಟು ಕಾಗದವನ್ನೇ ವಿಧಿಸಿದುದು ನಮ್ಮ ಭಕ್ತರ ಮೊದಲ ತಪ್ಪು.

ಎರಡನೆಯದು, ಹೊರುವವನ ಶಕ್ತಿಯನ್ನು ಅರಿತು ಹೊರಿಸುವುದು. ಅಕ್ಷರದಲ್ಲಿ ಸಮಾನವಾದ ನಿಯಮವು ತೂಕದಲ್ಲಿ ಸಮಾನವಾಗಿರಬೇಕೆಂದಿಲ್ಲ. ಹತ್ತು ಮಂದಿ ಗುಮಾಸ್ತರುಳ್ಳ ಸಂಸ್ಥೆಗೆ ಒಂದು ಗಳಿಗೆಯ ಕೆಲಸವಾದುದು ಒಬ್ಬಂಟಿ ಉಪಾಧ್ಯಾಯರಿಗೆ ಒಂದು ತಿಂಗಳ ಅಲೆದಾಟವಾದೀತು. ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಅನುದಾನನೀತಿಯನ್ನು ರೂಪಿಸುವುದು ಪ್ರತ್ಯೇಕ ವೃತ್ತಿಯಾಗಿಯೇ ಬೆಳೆದಿದೆ. ಅಲ್ಲಿ ೨೦೧೩ರಲ್ಲಿ ಎಲ್ಲ ಇಲಾಖೆಗಳ ಅನುದಾನನಿಯಮಗಳನ್ನು ಒಗ್ಗೂಡಿಸಿದರು. ೨೦೨೪ರಲ್ಲಿ ಅವುಗಳನ್ನು ಸರಳವಾದ ಭಾಷೆಯಲ್ಲಿ ತಿದ್ದಿ ಬರೆದರು. ವಿಶೇಷ ಲೆಕ್ಕಪರಿಶೋಧನೆಗೆ ಒಳಪಡಬೇಕಾದ ಸಂಸ್ಥೆಯ ವಾರ್ಷಿಕ ವೆಚ್ಚದ ಮಿತಿಯನ್ನು ಏಳೂವರೆ ಲಕ್ಷ ಡಾಲರಿನಿಂದ ಹತ್ತು ಲಕ್ಷ ಡಾಲರಿಗೆ ಏರಿಸಿ, ಚಿಕ್ಕ ಸಂಸ್ಥೆಗಳ ಹೊರೆಯನ್ನು ಇಳಿಸಿದರು. ಅಷ್ಟು ಶ್ರೀಮಂತವಾದ ದೇಶವೂ ತನ್ನ ನಿಯಮದ ಮಾತು ಸಾಮಾನ್ಯನಿಗೆ ಅರ್ಥವಾಗಬೇಕೆಂದು ಈಚೆಗೆ ಮನಗಂಡಿತು. ಜನರ ನುಡಿಯಲ್ಲಿಯೇ ಪರಮಾರ್ಥವನ್ನು ನುಡಿದ ಶರಣರ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕೆ? ಹಳ್ಳಿಯ ಉಪಾಧ್ಯಾಯನು ಓದಿ ತಿಳಿಯಲಾರದ ಸುತ್ತೋಲೆಯನ್ನು ಬರೆದು, ಅವನು ಅದನ್ನು ಮೀರಿದನೆಂದು ದಂಡಿಸುವುದು ನ್ಯಾಯವಲ್ಲ.

ಮೂರನೆಯದು, ಮರಳಿಸುವವನನ್ನು ಗೌರವಿಸುವುದು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದವರಾರು? ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಕಳುಹಿದಳು. ಉಳಿಕೆ ಹಣವನ್ನು ಮರಳಿಸುವ ಧರ್ಮಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆಯು ನಮಗೆ ದೊರೆಯಲಾರದು. ಆದರೆ ಇಂದಿನ ಕ್ರಮದಲ್ಲಿ ಲಕ್ಕಮ್ಮನಿಗೆ ಏನಾಗುತ್ತದೆಂಬುದನ್ನು ವಿಚಾರಿಸಿರಿ. ಹಿಂದಿನ ವರ್ಷದ ಉಳಿಕೆಯನ್ನು ಮುಂದಿನ ಮಂಜೂರಾತಿಯಲ್ಲಿ ಗಣನೆಗೆ ತೆಗೆದುಕೊಳ್ಳಬೇಕೆಂಬುದು ನಿಯಮ. ಅದು ಯುಕ್ತವೂ ಹೌದು. ಆದರೆ ಆಚರಣೆಯಲ್ಲಿ ಉಳಿಸಿದವನಿಗೆ ಅಗತ್ಯವೇ ಕಡಮೆಯೆಂದು ಬಗೆದು ಮುಂದಿನ ಹಣವನ್ನು ಶಾಶ್ವತವಾಗಿ ಕಡಿತಗೊಳಿಸಿದರೆ, ಪ್ರಾಮಾಣಿಕತೆಯೇ ದಂಡನೆಗೆ ಕಾರಣವಾಗುತ್ತದೆ. ಆ ಭಯದಿಂದಲೇ ಅಲ್ಲವೆ ಮಾರ್ಚ್ ತಿಂಗಳು ಬಂತೆಂದರೆ ಬೇಡದ ಕುರ್ಚಿ ಮೇಜುಗಳು ಸಂಸ್ಥೆಗಳ ಬಾಗಿಲಿಗೆ ಬಂದಿಳಿಯುವುದು? ವರ್ಷದ ಕೊನೆಯಲ್ಲಿ ಖರ್ಚಿಗೆ ನುಗ್ಗುವುದು ಆರ್ಥಿಕ ಔಚಿತ್ಯಕ್ಕೆ ಭಂಗವೆಂದು ಹಣಕಾಸು ನಿಯಮಗಳೇ ಹೇಳುತ್ತವೆ. ಆದರೂ ಅದು ನಿಲ್ಲದು. ಲಕ್ಕಮ್ಮನನ್ನು ಶಿಕ್ಷಿಸದಂತಹ ನಿಬಂಧನೆಯನ್ನು ಬರೆಯುವುದು ಈ ಕಾಯಕದವನ ಕೈಯಲ್ಲಿದೆ.

ನಾಲ್ಕನೆಯದು, ಪಡೆಯುವವನ ಅಭಿಮಾನವನ್ನು ಕಾಯುವುದು. ಮೋಳಿಗೆಯ ಮಾರಯ್ಯನು ಕಟ್ಟಿಗೆ ಮಾರಿ ಜಂಗಮದಾಸೋಹವನ್ನು ನಡೆಸುತ್ತಿದ್ದನು. ಆತನ ಬಡತನವನ್ನು ಕಂಡು ಬಸವಣ್ಣನವರು ಗುಟ್ಟಾಗಿ ಮನೆಯಲ್ಲಿ ಹೊನ್ನನ್ನಿರಿಸಿ ಬಂದರೆಂದೂ, ಮಾರಯ್ಯನು ಅದನ್ನು ತನಗೆಂದು ಇಟ್ಟುಕೊಳ್ಳದೆ ಜಂಗಮರಿಗೆ ಸಲ್ಲಿಸಿ ತನ್ನ ಕಟ್ಟಿಗೆಯ ಕಾಯಕವನ್ನೇ ಮುಂದುವರಿಸಿದನೆಂದೂ ಶರಣಚರಿತ್ರೆಗಳು ಹೇಳುತ್ತವೆ. ಬಸವಣ್ಣನವರಂತಹವರ ಸಹಾಯವೂ ಕೇಳದೆ ಕೊಟ್ಟುದರಿಂದ ಮಾರಯ್ಯನಿಗೆ ಒಗ್ಗಲಿಲ್ಲ. ಹಾಗಿರಲು, ಪ್ರಸಾದನಿಲಯವನ್ನು ನಡೆಸುವವರನ್ನು ಒಂದು ಮಾತು ಕೇಳದೆ ಅವರಿಗಾಗಿ ನಿಯಮವನ್ನು ರಚಿಸುವುದು ಎಷ್ಟರಮಟ್ಟಿಗೆ ಸರಿ? ಕರಡು ನಿಬಂಧನೆಯನ್ನು ಹತ್ತು ಚಿಕ್ಕ ಸಂಸ್ಥೆಗಳಿಗೆ ಕಳುಹಿ ಅವರ ಅನುಭವವನ್ನು ಕೇಳುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕಚೇರಿಯಲ್ಲಿ ಒಬ್ಬ ಅಧಿಕಾರಿಯ ಶಕ್ತಿಯೆಷ್ಟು? ಸಹಿಯು ಮೇಲಿನವರದು, ಆಕ್ಷೇಪಣೆಯು ಲೆಕ್ಕಪರಿಶೋಧಕರದು, ನಿಂದೆಯು ಪತ್ರಿಕೆಗಳದು. ಸಡಿಲಿಸಿದ ನಿಯಮದಿಂದ ನಾಳೆ ಮೋಸವಾದರೆ ಗುರಿಯಾಗುವವನು ಅವನೊಬ್ಬನೇ. ಬಿಗಿದ ನಿಯಮದಿಂದ ಮಕ್ಕಳು ಚದುರಿದರೆ ಯಾರೂ ಅವನನ್ನು ಕೇಳುವುದಿಲ್ಲ. ಈ ಆಕ್ಷೇಪವು ನಿಜವಾದುದು. ಆದರೆ ಯಾರೂ ಕೇಳದ ತಪ್ಪಿಗೇ ಅಂತಸ್ಸಾಕ್ಷಿಯು ಬೇಕಾದುದು. ಕರಡನ್ನು ಬರೆಯುವ ಕೈ ಅವನದು. ತಡಕ್ಕೆ ಯೋಗ್ಯ ಕಾರಣವಿದ್ದರೆ ಅದನ್ನು ಬರಹದಲ್ಲಿ ದಾಖಲಿಸಿ ಕಾಲಾವಕಾಶ ಕೊಡಬಹುದೆಂಬ ಒಂದು ಸಾಲನ್ನು ಸೇರಿಸುವುದು ಅವನಿಗೆ ಸಾಧ್ಯ. ಕಡತದಲ್ಲಿ ತನ್ನ ಭಿನ್ನಾಭಿಪ್ರಾಯವನ್ನು ಬರೆದಿಡುವುದೂ ಸಾಧ್ಯ. ಮಾಡಬಹುದಾದಷ್ಟನ್ನು ಮಾಡಿ ಉಳಿದುದನ್ನು ಶಿವನಿಗೆ ಬಿಟ್ಟವನು ಶರಣ. ಮಾಡಬಹುದಾದುದನ್ನೂ ಮಾಡದೆ ಶಿವನಿಗೆ ಬಿಟ್ಟವನು ಆಲಸಿ.

ಆ ದಿನ ಗೋಷ್ಠಿಯಲ್ಲಿ ನಡೆದ ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನವು ಅಪೂರ್ಣವಾಗುತ್ತದೆ. ಅಲ್ಲಿಯೇ ಕುಳಿತಿದ್ದ ಹಿರಿಯರೊಬ್ಬರು, ಒಂದು ವಿದ್ಯಾಸಂಸ್ಥೆಯ ಮಂಡಳಿಯವರು, “ಅಲ್ಲಪ್ಪಾ, ಆ ನಿಲಯವೂ ನಮ್ಮವರದೇ, ನೀವೂ ನಮ್ಮವರೇ. ಅದೊಂದನ್ನು ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದರೆ ಆಗುತ್ತಿತ್ತಲ್ಲ!” ಎಂದರು. ಪೂಜ್ಯರ ಮುಖವು ಗಂಭೀರವಾಯಿತು. “ನಿಯಮವು ತಪ್ಪಾಗಿದ್ದರೆ ಎಲ್ಲರಿಗೂ ತಿದ್ದಬೇಕು, ಸರಿಯಾಗಿದ್ದರೆ ಮೊದಲು ನಮ್ಮವರ ಮೇಲೆ ನಡೆಸಬೇಕು. ನಮ್ಮವರಿಗೆ ಮಾತ್ರ ಸಡಿಲಿಸುವುದು ದಯೆಯೂ ಅಲ್ಲ, ಧರ್ಮವೂ ಅಲ್ಲ” ಎಂದು ಅವರು ನುಡಿದರು. ಜಾತಿಯ ಗಡಿಯನ್ನು ಅಳಿಸಿದ ಬಸವಣ್ಣನವರ ಹೆಸರನ್ನು ಹೇಳಿಕೊಂಡು ಕಚೇರಿಯ ಬಾಗಿಲಲ್ಲಿ ಜಾತಿಯ ಸಲಿಗೆಯನ್ನು ಬೇಡುವುದಕ್ಕಿಂತ ದೊಡ್ಡ ಗುರುದ್ರೋಹವು ಇನ್ನಾವುದು? ನಮ್ಮ ಸಂಸ್ಥೆಗಳನ್ನು ನಡೆಸುವ ಸದ್ಭಕ್ತರು ಇದನ್ನು ವಿಶೇಷವಾಗಿ ಮನನ ಮಾಡಬೇಕು. ಅಧಿಕಾರಿಯು ದಾಸನಾಗಿ ನಿಲ್ಲಬೇಕೆಂದು ಬಯಸುವವರು ತಾವು ಲಕ್ಕಮ್ಮನಾಗಿ ನಿಲ್ಲಬೇಡವೆ? ಲೆಕ್ಕವನ್ನು ದಿನದಿನವೂ ಬರೆದಿಟ್ಟು, ಕೇಳುವ ಮೊದಲೇ ತೋರಿಸುವ ಸಂಸ್ಥೆಗಳು ಹೆಚ್ಚಿದಷ್ಟೂ ಸಂಶಯದಿಂದ ಹುಟ್ಟುವ ನಿಬಂಧನೆಗಳು ಕಡಮೆಯಾಗುತ್ತವೆ.

ಆ ಭಕ್ತರು ಮುಂದಿನ ತಿಂಗಳು ರಜೆಯ ಮೇಲೆ ಆ ಹಳ್ಳಿಗೆ ಹೋದರು. ಉಪಾಧ್ಯಾಯರ ಜೊತೆಗೆ ನೆಲದ ಮೇಲೆ ಕುಳಿತು, ತಾವೇ ವಿಧಿಸಿದ್ದ ಪತ್ರಗಳನ್ನು ಒಂದೊಂದಾಗಿ ತುಂಬಿದರು. ಎರಡು ದಿನ ಹಿಡಿಯಿತು. ತಾಲ್ಲೂಕು ಕೇಂದ್ರಕ್ಕೆ ಮೂರು ಸಲ ಹೋಗಿ ಬರಬೇಕಾಯಿತು. ಹಿಂದಿರುಗಿದ ಮೇಲೆ ಚಿಕ್ಕ ಸಂಸ್ಥೆಗಳಿಗೆ ಪತ್ರಗಳನ್ನು ಕಡಮೆ ಮಾಡಿ, ಬದಲಾಗಿ ವರ್ಷಕ್ಕೊಮ್ಮೆ ಅಧಿಕಾರಿಯೇ ಹೋಗಿ ಮಕ್ಕಳನ್ನು ಕಂಡು ಬರಬೇಕೆಂದು ಕರಡನ್ನು ತಿದ್ದಿ ಮೇಲಕ್ಕೆ ಕಳುಹಿದರು. ನಾವು ಇದನ್ನು ಬರೆಯುವ ಹೊತ್ತಿಗೂ ಆ ಕಡತಕ್ಕೆ ಒಪ್ಪಿಗೆ ಬಂದಿಲ್ಲ. ಮನೆಗೆ ಮರಳಿದ ಮಕ್ಕಳಲ್ಲಿ ಎಲ್ಲರೂ ಶಾಲೆಗೆ ಹಿಂದಿರುಗಿಲ್ಲ. ಆ ನಷ್ಟವನ್ನು ಯಾವ ತಿದ್ದುಪಡಿಯೂ ತುಂಬಿಕೊಡಲಾರದೆಂಬುದನ್ನು ಅವರು ಬಲ್ಲರು. ಬಲ್ಲುದರಿಂದಲೇ ಮುಂದಿನ ಸಾಲನ್ನು ಬರೆಯುವಾಗ ಅವರ ಲೇಖನಿಯು ತಡೆದು ನಡೆಯುತ್ತದೆ.

ಬೆಳಿಗ್ಗೆ ಇಷ್ಟಲಿಂಗವನ್ನು ಹಿಡಿದ ಕೈಯೇ ಹಗಲಲ್ಲಿ ಕಡತದ ಮೇಲೆ ಬರೆಯುವ ಕೈ. ಆ ಎರಡು ಹೊತ್ತಿನ ನಡುವೆ ಗೋಡೆಯನ್ನು ಕಟ್ಟದಿರುವುದೇ ಶರಣಮಾರ್ಗ. ನಿಬಂಧನೆಯನ್ನು ಬರೆಯುವವರಿಗೂ, ಅದರಡಿಯಲ್ಲಿ ಹಣವನ್ನು ಪಡೆಯುವವರಿಗೂ ಆ ಅರಿವನ್ನು ಶ್ರೀ ಗುರುಬಸವೇಶ್ವರನು ದಯಪಾಲಿಸಲಿ.